ದೇರಣ್ಣ ಗೌಡರ ಕಿವಿಗೆ ಬಿದ್ದ ಪಿಟೀಲು

ಸುಳ್ಯದ ಅಚ್ಚುತ ಮಾಸ್ಟ್ರ ಪಿಟೀಲಿಗೆ ಇದ್ದ ದೋಷ ಒಂದೇ. ಅದು ಯಾರಿಗೂ ಕೇಳಿಸುತ್ತಿರಲಿಲ್ಲ. ಹಿಂದೊಮ್ಮೆ ಬಸ್ಸಿನ ಮೇಲಿನಿಂದ ಬಿದ್ದು ಸೀಳಿದ್ದನ್ನು ಒಬ್ಬ ಆಚಾರಿ ಬಾಗಿಲು ರಿಪೇರಿ ಮಾಡುವ ಹುರುಪಿನಲ್ಲಿ ಅಂಟು ಬಳಿದು ಕೂಡಿಸಿಕೊಟ್ಟಿದ್ದ. ಅಂದಿನಿಂದ ಅದರ ಸ್ವರ ಅಚ್ಚುತನ ಎಡಗಿವಿಯವರೆಗೆ ಬಂದು ಅಲ್ಲೇ ನಿಂತುಬಿಡುತ್ತಿತ್ತು. ಭಜನೆಯಲ್ಲಿ ಅವನು ಕಣ್ಣು ಮುಚ್ಚಿ ಕಮಾನು ಎಳೆಯುವುದನ್ನು ಊರವರು ಆರು ವರ್ಷದಿಂದ ನೋಡುತ್ತಿದ್ದರು. ಕೇಳಿದವರು ಮಾತ್ರ ಇರಲಿಲ್ಲ. ನುಡಿಸುವುದೇನೋ ಚೆನ್ನಾಗಿಯೇ ನುಡಿಸುತ್ತಿದ್ದ, ಪಾಪ. ಆದರೆ ಅದಕ್ಕೆ ಸಾಕ್ಷಿ ಅವನೊಬ್ಬನೇ.

ಐವತ್ತೊಂಬತ್ತನೇ ಇಸವಿಯ ಬೇಸಿಗೆಯಲ್ಲಿ ಕಲ್ಲುಗುಂಡಿಯ ದೇರಣ್ಣ ಗೌಡರು ತಮ್ಮ ಶಾಲೆಗೆ ಸಂಗೀತದ ಮಾಸ್ಟ್ರನ್ನು ಹುಡುಕುತ್ತಿದ್ದಾರೆ ಎಂಬ ಸುದ್ದಿ ಬಂತು. ಗೌಡರು ಆ ಶಾಲೆಯ ಮ್ಯಾನೇಜರು. ಅವರು ಹೇಳಿದ್ದೇ ಅಲ್ಲಿ ಕೊನೆಯ ಮಾತು. ಮನೆಮನೆ ಅಲೆದು ಪಾಠ ಹೇಳಿ ಚಪ್ಪಲಿ ಸವೆಸಿದ್ದ ಅಚ್ಚುತ ಓಡಿಹೋಗಿ ಕೈಮುಗಿದ.

“ನೋಡು ಮಾರಾಯ,” ಎಂದರು ಗೌಡರು, “ಬರುವ ಸೋಮವಾರ ನಮ್ಮ ಮಗಳು ದಮಯಂತಿಯ ಮದುವೆ. ಚಪ್ಪರದಲ್ಲಿ ಕೂತು ನುಡಿಸು. ನಾನು ಅಡಿಗೆ ಕೊಟ್ಟಿಗೆಯಲ್ಲಿ ಪಾಯಸ ನೋಡ್ಲಿಕ್ಕೆ ಇರ್ತೇನೆ. ಅಲ್ಲಿಗೆ ಕೇಳಿದ್ರೆ ಕೆಲಸ ನಿಂದು. ನನ್ನ ಕಿವಿಗೇ ಬೀಳದ ಸಂಗೀತಕ್ಕೆ ನಾನು ಆರ್ಡರು ಕೊಡುದು ಹೇಗೆ?”

ಅಡಿಗೆ ಕೊಟ್ಟಿಗೆ ಇದ್ದದ್ದು ಮನೆಯ ಹಿಂದೆ, ಬಾವಿಯಿಂದಲೂ ಆಚೆ. ಅಚ್ಚುತನಿಗೆ ಉಳಿದ ದಾರಿ ಒಂದೇ, ಮದುವೆಗೆ ಗೊತ್ತುಮಾಡಿದ್ದ ಕುಂಬ್ರದ ಅಹ್ಮದ್ ಕುಂಞಿಯ ಮೈಕ್ ಸೆಟ್ಟು.

ಸೋಮವಾರ ಬೆಳಿಗ್ಗೆ ಅಚ್ಚುತ ಪಿಟೀಲು ಅಪ್ಪಿಕೊಂಡು ಬರುವಾಗ ಅಹ್ಮದ್ ಕುಂಞಿ ಹಲಸಿನ ಮರದ ತುದಿಯಲ್ಲಿದ್ದ. ಮೈಕ್ ಸೆಟ್ಟಿನ ಹಾರ್ನನ್ನು ಹೊಳೆಯ ಆಚೆ ಗುಡ್ಡೆಗೆ ಮುಖ ಮಾಡಿ ಕಟ್ಟುತ್ತಿದ್ದ. ಮದುವೆ ಉಂಟೆಂದು ಚಪ್ಪರದಲ್ಲಿ ಕೂತವರಿಗೆ ಗೊತ್ತೇ ಇರುತ್ತದೆ. ಗೊತ್ತಾಗಬೇಕಾದದ್ದು ಆಚೆ ಗುಡ್ಡೆಯವರಿಗೆ. ಅವನ ಬ್ಯಾಟರಿ ಕುಂಬ್ರದಿಂದ ಬರುವಾಗಲೇ ಸತ್ತಿದ್ದರಿಂದ, ದಿಬ್ಬಣದ ಜೀಪಿನ ಡ್ರೈವರು ಡೊಂಬಯ್ಯನನ್ನು ಕಾಡಿ ಬೇಡಿ ಜೀಪಿನ ಬ್ಯಾಟರಿ ಬಿಚ್ಚಿಸಿ ತಂದಿದ್ದ. ಕೆಳಗೆ ಕೀ ಕೊಡುವ ಗ್ರಾಮಾಫೋನು ಪೆಟ್ಟಿಗೆಯ ಮೇಲೆ ಹಾಡಿನ ಪ್ಲೇಟು ತಿರುಗುತ್ತಿತ್ತು.

“ಸಾಹೇಬ್ರೇ, ಇವತ್ತು ನನ್ನ ಮಾನ ನಿಮ್ಮ ಕೈಯಲ್ಲಿ ಉಂಟು,” ಎಂದ ಅಚ್ಚುತ ಮರದ ಬುಡದಲ್ಲಿ ನಿಂತು.

“ಎಂತ ಹೆದರ್ತೀರಿ ಮಾಸ್ಟ್ರೇ? ಈ ಮೈಕಿನ ಎದುರು ಇರುವೆ ಕೆಮ್ಮಿದ್ರೂ ಸಂಪಾಜೆಗೆ ಕೇಳ್ತದೆ.”

ಆ ಮಾತು ಸುಳ್ಳಲ್ಲ. ಮೈಕನ್ನು ಕಂಬಕ್ಕೆ ಸಿಕ್ಕಿಸಿ ಅಚ್ಚುತನ ಎದುರು ನಿಲ್ಲಿಸಿದಾಗ ಅದು ಚಪ್ಪರದಲ್ಲಿದ್ದುದನ್ನೆಲ್ಲ ಹಿಡಿಯಿತು. ಮಕ್ಕಳ ಅಳು ಹಿಡಿಯಿತು, ಬೆಂಚು ಎಳೆದದ್ದನ್ನು ಹಿಡಿಯಿತು, ಮುದುಕರೊಬ್ಬರು ಎಲೆಯಡಿಕೆ ಉಗುಳಿದ್ದನ್ನೂ ಬಿಡಲಿಲ್ಲ. ಪಿಟೀಲನ್ನು ಮಾತ್ರ ಬಿಟ್ಟಿತು.

“ದೂರ ಆಯ್ತು,” ಎಂದು ಅಹ್ಮದ್ ಕುಂಞಿ ಮೈಕನ್ನು ಕಂಬದಿಂದ ಕಿತ್ತು ಹೆಗಲ ಮೇಲಿನ ಬೈರಾಸಿನಲ್ಲಿ ಸುತ್ತಿ ಅಚ್ಚುತನ ಕೊರಳಿಗೇ ಕಟ್ಟಿದ. ಗಂಟೆ ಕಟ್ಟಿದ ದನದ ಹಾಗೆ ಅಚ್ಚುತ ಕುತ್ತಿಗೆ ಬಗ್ಗಿಸಿ ಕೂತ. ಕಮಾನು ಎತ್ತಬೇಕು, ಅಷ್ಟರಲ್ಲಿ ಗೌಡರ ಹೆಂಡತಿ ತಿಮ್ಮಕ್ಕ ಪಾನಕದ ಲೋಟ ಹಿಡಿದುಕೊಂಡು ಬಂದರು. ಒಳ್ಳೆಯ ಹೆಂಗಸು, ಆದರೆ ಹೊಟ್ಟೆಯಲ್ಲಿ ಮಾತು ನಿಲ್ಲುವುದಿಲ್ಲ. ಬಗ್ಗಿ ಗುಟ್ಟಿನಲ್ಲಿ ಹೇಳಿದರು:

“ಅಚ್ಚುತಾ, ಗಂಡಿನ ಸೋದರತ್ತೆ ತಂದ ಸೀರೆ ನೋಡಿದ್ಯಾ? ನಮ್ಮ ಸೊಳ್ಳೆಪರದೆ ಅದಕ್ಕಿಂತ ದಪ್ಪ ಉಂಟು.”

ಹಾರ್ನು ಅದನ್ನು ಆಚೆ ಗುಡ್ಡೆಗೆ ಹೇಳಿತು. ಆಚೆ ಗುಡ್ಡೆ ಅದನ್ನು ತಿರುಗಿಸಿ ಈಚೆಗೆ ಹೇಳಿತು. ಚಪ್ಪರದಲ್ಲಿ ಗಂಡಿನ ಸೋದರತ್ತೆ ಎದ್ದು ನಿಂತಳು. ಅವಳ ಹಿಂದೆ ಎರಡು ಸಾಲು ಎದ್ದು ನಿಂತಿತು. ಅವರನ್ನು ಕೂರಿಸಲು ಗೌಡರು ಸೌಟು ಹಿಡಿದೇ ಓಡಿಬರಬೇಕಾಯಿತು. ಸೀರೆಯನ್ನು ಕಣ್ಣಿಗೊತ್ತಿಕೊಂಡು ಹತ್ತು ಸಲ ಹೊಗಳಿದ ಮೇಲೆ ಅವರು ಸೌಟನ್ನು ಅಹ್ಮದ್ ಕುಂಞಿಯ ಕಡೆ ತಿರುಗಿಸಿದರು.

“ಇನ್ನು ಆ ಮೈಕ್ ಮುಟ್ಟಿದ್ರೆ ಜಾಗ್ರತೆ! ಪ್ಲೇಟು ಹಾಕು, ಸಾಕು. ಅಚ್ಚುತಾ, ನೀನು ಬರಿಗೈಯಲ್ಲಿ ನುಡಿಸು. ನಿಜವಾದ ಪಿಟೀಲಾದ್ರೆ ನನಗೆ ಹೇಗೂ ಕೇಳ್ತದೆ.”

ಅಚ್ಚುತನಿಗೆ ಅಳುವೇ ಬಂತು. ಶಾಲೆಯೂ ಹೋಯಿತು, ಕೆಲಸವೂ ಹೋಯಿತು, ಮತ್ತೆ ನಾಳೆಯಿಂದ ಮನೆಮನೆ ತಿರುಗಾಟ. ಪಿಟೀಲನ್ನು ಚೀಲಕ್ಕೆ ಹಾಕಲು ಹೊರಟವನ ಕೈಯನ್ನು ಅಹ್ಮದ್ ಕುಂಞಿ ಹಿಡಿದ. ಅವನ ಕಣ್ಣು ತಿರುಗುತ್ತಿದ್ದ ಪ್ಲೇಟಿನ ಮೇಲಿತ್ತು.

“ಗೌಡ್ರು ಬೇಡ ಹೇಳಿದ್ದು ಮೈಕು. ಪಿಕಪ್ಪು ಬೇಡ ಹೇಳ್ಲಿಲ್ಲ.”

“ಹಾಗೆಂದ್ರೆ ಎಂತ?”

“ಈ ಪೆಟ್ಟಿಗೆಯ ಕೈ, ಮುಳ್ಳು ಇರುವುದು. ಪ್ಲೇಟಿನ ಗೆರೆಯಲ್ಲಿ ನಡುಕ ಉಂಟಲ್ಲ, ಅದನ್ನು ಮುಳ್ಳು ಹಿಡಿದು ಹಾರ್ನಿಗೆ ಕೊಡ್ತದೆ. ನಿಮ್ಮ ಪಿಟೀಲಿನ ಮರವೂ ನಡುಗುದೇ ಅಲ್ವಾ? ಮುಳ್ಳಿಗೆಂತ ಗೊತ್ತು ಮಾಸ್ಟ್ರೇ, ಇದು ಪ್ಲೇಟಾ ಪಿಟೀಲಾ ಅಂತ!”

“ನನ್ನ ಪಿಟೀಲಿಗೆ ಚುಚ್ಚುದಾ?”

“ಬಸ್ಸಿಂದ ಬಿದ್ದದ್ದಕ್ಕೆ ಇನ್ನೆಂತ ಚುಚ್ಚುದು!”

ಅಹ್ಮದ್ ಕುಂಞಿ ಎರಡು ತಿರುಪು ಕಳಚಿದ, ವಯರು ತುಂಡಾಗದ ಹಾಗೆ ಪಿಕಪ್ಪನ್ನು ಎತ್ತಿದ, ಪ್ಲೇಟನ್ನು ನಿಲ್ಲಿಸಿದ. ಅಚ್ಚುತನ ಪಕ್ಕದಲ್ಲೇ ಕುಕ್ಕರುಗಾಲಿನಲ್ಲಿ ಕೂತು ಮುಳ್ಳನ್ನು ಪಿಟೀಲಿನ ಎದೆಗೆ ಮೆಲ್ಲನೆ ತಾಗಿಸಿ, ಗೌಡರ ಕಣ್ಣಿಗೆ ಬೀಳಬಾರದೆಂದು ಕೈಗೂ ಪೆಟ್ಟಿಗೆಗೂ ಸೇರಿಸಿ ಬೈರಾಸು ಹೊದಿಸಿದ. “ಹೂಂ, ಎಳೀರಿ!”

ಅಚ್ಚುತ ಕಮಾನು ಎಳೆದ. ಹಲಸಿನ ಮರದ ಮೇಲಿಂದ ಜೇನು ಸುರಿದ ಹಾಗೆ ಪಿಟೀಲು ಹರಿಯಿತು. ಹಾರ್ನು ಕಂಪಿಸಿತು, ಸ್ವರ ಹೊಳೆ ದಾಟಿತು, ಗುಡ್ಡೆ ಹತ್ತಿತು. ಆರು ವರ್ಷದಲ್ಲಿ ಮೊದಲ ಬಾರಿಗೆ ತನ್ನ ಸ್ವರವನ್ನು ಎರಡೂ ಕಿವಿಯಿಂದ ಕೇಳಿದ ಅಚ್ಚುತನ ಕಣ್ಣಲ್ಲಿ ನೀರು ಬಂತು. ಗಂಡಿನ ಸೋದರತ್ತೆ ಕೂಡ ಸೀರೆ ಮರೆತು ತಲೆದೂಗಿದಳು. ಅವನು ಜನ್ಮದಲ್ಲಿ ಹಾಗೆ ನುಡಿಸಿರಲಿಲ್ಲ.

ಕಾಲು ಗಂಟೆ ಕಳೆದಿರಬೇಕು. ಡೊಂಬಯ್ಯ ಅಡಿಗೆ ಕೊಟ್ಟಿಗೆಯಿಂದ ಓಡುತ್ತ ಬಂದ.

“ಸಾಹೇಬ್ರೇ, ಪ್ಲೇಟು ನಿಲ್ಲಿಸ್ಬೇಕಂತೆ! ಗೌಡ್ರು ಕಿವಿಗೆ ಕೈಯಿಟ್ಟು ನಿಂತಿದ್ದಾರೆ. ಈ ಪ್ಲೇಟಿನ ಗಲಾಟೆಯಲ್ಲಿ ಮಾಸ್ಟ್ರ ಪಿಟೀಲು ಕೇಳುದೇ ಇಲ್ವಂತೆ!”

“ಇದೇ ಮಾಸ್ಟ್ರ ಪಿಟೀಲು ಮಾರಾಯಾ!”

“ತಮಾಷೆ ಸಾಕು,” ಎಂದು ಡೊಂಬಯ್ಯ ಬೈರಾಸಿನೊಳಗೆ ಕೈ ಹಾಕಿ ಪಿಕಪ್ಪನ್ನು ಎತ್ತಿಯೇಬಿಟ್ಟ. ಹಾರ್ನು ಗಪ್ಪಾಯಿತು. ಅಚ್ಚುತ ಹುಚ್ಚು ಹಿಡಿದವನಂತೆ ಕಮಾನು ಉಜ್ಜಿದ. ಅವನ ಎಡಗಿವಿಗೆ ಚೆನ್ನಾಗಿ ಕೇಳಿತು. ಅಷ್ಟರಲ್ಲಿ ಮುಹೂರ್ತ ಬಂತು, ಓಲಗದವರು ಶುರುಮಾಡಿದರು, ಕತೆ ಮುಗಿಯಿತು.

ಊಟವಾಗಿ ದಿಬ್ಬಣ ಹೊರಡುವ ಗಡಿಬಿಡಿಯಲ್ಲಿ ಗೌಡರೇ ಅವನನ್ನು ಕರೆದರು. ಮಗಳನ್ನು ಕಳಿಸುವ ದುಃಖಕ್ಕೋ ಏನೋ, ಸ್ವರ ಮೆತ್ತಗಿತ್ತು.

“ಇಲ್ಲ ಮಾರಾಯ. ನಾನು ಉಸಿರು ಬಿಗಿಹಿಡಿದು ಕಾದೆ. ಒಂದು ಚೂರೂ ಕೇಳ್ಲಿಲ್ಲ.”

“ಗೌಡ್ರೇ, ಆ ಹಾರ್ನಿನಲ್ಲಿ ಬಂದದ್ದು ನಾನೇ ನುಡಿಸಿದ್ದು!”

“ಹೌದು ಗೌಡ್ರೇ, ನನ್ನ ಮಕ್ಕಳಾಣೆ,” ಎಂದ ಅಹ್ಮದ್ ಕುಂಞಿ.

ಗೌಡರು ಇಬ್ಬರನ್ನೂ ಕನಿಕರದಿಂದ ನೋಡಿದರು. “ಮೈಕನ್ನು ನಾನೇ ಬಂದ್ ಮಾಡ್ಸಿದ್ದು. ಮೈಕಿಲ್ಲದೆ ನಿನ್ನ ಪಿಟೀಲು ಮರ ಹತ್ತಿತಾ? ಮತ್ತೆ, ಮುಳ್ಳು ಎತ್ತಿದ ಕೂಡಲೇ ಅದು ನಿಂತಿತು. ಮುಳ್ಳು ಎತ್ತಿದ್ರೆ ನಿಲ್ಲುದು ಪ್ಲೇಟಾ, ಪಿಟೀಲಾ?”

ಅಚ್ಚುತ ಪಿಟೀಲನ್ನು ಹೆಗಲಿಗೇರಿಸಿದ. “ಈಗ್ಲೇ ನುಡಿಸಿ ತೋರಿಸ್ತೇನೆ! ಸಾಹೇಬ್ರೇ, ಪಿಕಪ್ಪು!”

ಪಿಕಪ್ಪು ಇತ್ತು. ಹಾರ್ನೂ ಇತ್ತು. ಬ್ಯಾಟರಿ ಮಾತ್ರ ದಮಯಂತಿಯ ಜೀಪಿನೊಳಗೆ ಕೂತು ಆಗಲೇ ತಿರುವು ದಾಟುತ್ತಿತ್ತು.

“ಬೇಜಾರು ಮಾಡ್ಬೇಡ,” ಎಂದು ಗೌಡರು ಅವನ ಬೆನ್ನು ತಟ್ಟಿದರು. “ಅಂಥ ಪ್ಲೇಟು ಇರುವಾಗ ಶಾಲೆಗೆ ಮಾಸ್ಟ್ರು ಯಾಕೆ? ಒಂದು ಪೆಟ್ಟಿಗೆ ತರಿಸ್ತೇನೆ. ಕುಂಞಿ, ಆ ಪ್ಲೇಟನ್ನೇ ತಂದು ಕೊಡ್ಬೇಕು, ಬೇರೆ ಬೇಡ. ಅಚ್ಚುತಾ, ಕೀ ಕೊಡ್ಲಿಕ್ಕೆ ಒಬ್ಬ ಜನ ಬೇಕು. ಜವಾನನ ಕೆಲಸ. ನೀನೇ ಬಾ.”

ಗೌಡರು ಅತ್ತ ತಿರುಗಿದ್ದೇ ಅಚ್ಚುತ ಅಹ್ಮದ್ ಕುಂಞಿಯ ಅಂಗಿ ಹಿಡಿದ. “ಇಲ್ಲದ ಪ್ಲೇಟನ್ನು ಎಲ್ಲಿಂದ ತರ್ತೀರಿ?”

“ಒಪ್ಪಿಕೊಳ್ಳಿ ಮಾಸ್ಟ್ರೇ,” ಅಹ್ಮದ್ ಕುಂಞಿ ಪಿಸುಗುಟ್ಟಿದ. “ಪೆಟ್ಟಿಗೆಯನ್ನು ಕೋಣೆಯಲ್ಲಿಟ್ಟು ಬಾಗಿಲು ಹಾಕಿ. ಮುಳ್ಳನ್ನು ಪಿಟೀಲಿಗೆ ಕಟ್ಟಿ ನುಡಿಸ್ತಾ ಇರಿ. ಹಾರ್ನು ಹೊರಗೆ ಇರ್ತದೆ. ನೋಡುವವರು ಯಾರು?”

ಅಚ್ಚುತ ಪಿಟೀಲನ್ನು ಚೀಲಕ್ಕೆ ತುರುಕಿ, ಬೇರೆ ಗತಿಯಿಲ್ಲದೆ ತಲೆಯಾಡಿಸಿ ಮೆಟ್ಟಿಲಿಳಿದ. ಜಗಲಿಯಿಂದ ಗೌಡರು ಕೂಗಿ ಹೇಳಿದರು:

“ಅಚ್ಚುತಾ, ಪ್ಲೇಟು ಹಾಕುವಾಗ ಸ್ವಲ್ಪ ಗಮನ ಇಟ್ಟು ಕೇಳು! ಕೇಳಿ ಕೇಳಿ ನೀನೂ ಒಂದು ದಿನ ಹಾಗೆ ನುಡಿಸ್ಲಿಕ್ಕೆ ಕಲ್ತರೂ ಕಲ್ತೀಯ!”