ಎದೆಗೆ ಕೈ ಇಡಿಸುವ ಕೋಟು

ಏಲಂ ಕೂಗುವ ಜಾಗದಲ್ಲಿ ನಾನು ಕಾಲಿಟ್ಟರೆ ಏನಾದರೊಂದು ಎಡವಟ್ಟು ಆಗಿಯೇ ಆಗ್ತದೆ. ಏನೂ ಆಗದೆ ಮನೆಗೆ ಬಂದರೆ ನನ್ನ ಗಂಡ, "ಎಂತ, ಇವತ್ತು ಏಲಂ ಇರಲಿಲ್ಲವಾ?" ಅಂತ ಕೇಳುತ್ತಿದ್ದರು.

ನಾನು ಮೂಡಬಿದ್ರೆಯ ಒಂದು ಶಾಲೆಯಲ್ಲಿ ಹೊಲಿಗೆ ಟೀಚರ್ ಆಗಿದ್ದೆ. ಎಪ್ಪತ್ತು, ಎಂಬತ್ತರ ದಶಕದ ಮಾತು. ಜೊತೆಯ ಟೀಚರುಗಳು ಬಳೆ, ಸರ ಮಾಡಿಸಿಕೊಳ್ಳುವಾಗ ನಾನು ಹಳೆ ಬಟ್ಟೆ ಹುಡುಕಿಕೊಂಡು ಬಂಟ್ವಾಳ, ಬೆಳ್ತಂಗಡಿ ಅಂತ ಬಸ್ಸು ಹತ್ತುತ್ತಿದ್ದೆ. ಹಳೆ ಬಟ್ಟೆ ಅಂದರೆ ಸ್ಟೀಲ್ ಪಾತ್ರೆಯವಳಿಗೆ ಕೊಡುವಂಥದ್ದು ಅಲ್ಲ ಮತ್ತೆ! ಒಬ್ಬನೇ ಒಬ್ಬ ಮನುಷ್ಯನ ಮೈಗೆ ಅಂತ ಅಳತೆ ತೆಗೆದು, ತಿಂಗಳುಗಟ್ಟಲೆ ಕೂತು ಕೈಯಲ್ಲೇ ಹೊಲಿದ ಉಡುಪು. ಅಂಥದ್ದು ಈಗ ಯಾರಾದರೂ ಹೊಲಿದು ತೋರಿಸಲಿ ನೋಡುವ.

ಈ ಹುಚ್ಚು ಹಿಡಿದದ್ದು ಅಪ್ಪನಿಂದ. ಬಂಟ್ವಾಳ ಪೇಟೆಯಲ್ಲಿ ಅವರದ್ದು ಟೈಲರ್ ಅಂಗಡಿ. ಗುಂಡಿ ತೂರಿಸುವ ಕಾಜ ಒಂದು ನೂಲು ಆಚೀಚೆ ಆದರೆ ಸ್ಕೇಲಿನಿಂದ ನನ್ನ ಬೆರಳಿಗೆ ಹೊಡೆಯುತ್ತಿದ್ದರು. ಅಂಗಡಿಯ ಗೋಡೆಯಲ್ಲಿ ಒಂದು ಫೋಟೋ ಇತ್ತು. ಬೆಳ್ತಂಗಡಿ ಕಡೆಯ ದೊಡ್ಡ ಧಣಿಯೊಬ್ಬರು ಅಪ್ಪ ಹೊಲಿದ ಕಪ್ಪು ಮಖಮಲ್ಲಿನ ಕೋಟು ಹಾಕಿ, ಬಲಗೈಯನ್ನು ಎದೆಯ ಮೇಲೆ ಇಟ್ಟುಕೊಂಡು ರಾಜನ ಹಾಗೆ ನಿಂತದ್ದು. ಆ ಫೋಟೋ ನೋಡಿ ಎಷ್ಟೋ ಜನ ಕೋಟು ಹೊಲಿಸಿ, ಅದೇ ರೀತಿ ಎದೆಗೆ ಕೈ ಇಟ್ಟು ಫೋಟೋ ತೆಗೆಸಿದರು. ಅಪ್ಪ ಮೀಸೆ ತಿರುವಿ ಹೇಳುತ್ತಿದ್ದರು: "ನಾನು ಹೊಲಿದ ಕೋಟು ಹಾಕಿದರೆ ಕೈ ತನ್ನಿಂದ ತಾನೇ ಎದೆಗೆ ಹೋಗ್ತದೆ."

ಅಪ್ಪ ತೀರಿಕೊಂಡಾಗ ಮನೆಯಲ್ಲಿ ಅವರು ಹೊಲಿದ ಒಂದು ಒಳ್ಳೆಯ ಉಡುಪು ಕೂಡ ಇರಲಿಲ್ಲ. ಊರಿಗೆಲ್ಲ ಕೋಟು ಹೊಲಿದವರ ಸ್ವಂತ ಅಂಗಿಗೆ ಮೂರು ತೇಪೆ. ಒಂದಲ್ಲ ಒಂದು ದಿನ ಆ ಧಣಿಯ ಕೋಟು ಏಲಂಗೆ ಬಂದೇ ಬರ್ತದೆ, ಅದನ್ನು ನಾನೇ ತರ್ತೇನೆ ಅಂತ ಹಟ ಹಿಡಿದೆ. ಹೆದರಿಕೆ ಇದ್ದದ್ದು ಒಬ್ಬನದ್ದೇ, ಜರಿ ವ್ಯಾಪಾರಿಯದ್ದು. ನಾನು ಹೋದ ಏಲಂಗೆಲ್ಲ ಅವನೂ ಹಾಜರ್. ಹಳೆ ಜರಿ ಬಟ್ಟೆ ಕೊಂಡು, ಸುಟ್ಟು, ಬೆಳ್ಳಿ ತೆಗೆಯುವುದು ಅವನ ಕಸುಬು. ಕೋಟಿನ ಕಾಲರಿನಲ್ಲಿ ಜರಿ ಇತ್ತು. ಅವನ ಕೈಗೆ ಹೋದರೆ ಅಪ್ಪನ ಕೆಲಸ ಬೂದಿ.

೧. ದೇವಿಯ ಸೀರೆ

ಭಕ್ತರು ದೇವಿಗೆ ಒಪ್ಪಿಸಿದ ಸೀರೆಗಳನ್ನು ಆಮೇಲೆ ಏಲಂ ಹಾಕುವ ಕ್ರಮ ನಮ್ಮ ಕಡೆ ಉಂಟು. ಬಂಟ್ವಾಳದ ಹತ್ತಿರದ ಒಂದು ದೇವಸ್ಥಾನದಲ್ಲಿ ಯಾವುದೋ ಹಳೆ ಮನೆತನದವರು ಕೊಟ್ಟ ಬನಾರಸ್ ಸೀರೆ ಏಲಂಗೆ ಬಂತು. ನಾನು ಹೋದವಳೇ ಸೀರೆ ಮಗುಚಿ ಹಿಂಬದಿ ನೋಡಲು ಶುರು ಮಾಡಿದೆ. ಬಟ್ಟೆಯ ಯೋಗ್ಯತೆ ಗೊತ್ತಾಗುವುದೇ ಹಿಂಬದಿಯಲ್ಲಿ.

ದೇವಸ್ಥಾನದ ಆಡಳಿತ ನೋಡುವ ಮೊಕ್ತೇಸರರಿಗೆ ಸಿಟ್ಟು ಬಂತು. "ಟೀಚರ್, ದೇವಿ ಉಟ್ಟ ಸೀರೆಯಲ್ಲೂ ತಪ್ಪು ಹುಡುಕ್ತೀರಾ?"

"ದೇವಿಯದ್ದು ತಪ್ಪಿಲ್ಲ, ನೇಯ್ದವನದ್ದು ಉಂಟಾ ಅಂತ ನೋಡುವುದು," ಅಂದೆ.

ಜರಿ ವ್ಯಾಪಾರಿಯನ್ನು ಸೋಲಿಸಿ ಸೀರೆ ಗೆದ್ದೆ. ಮಡಿಲಲ್ಲಿ ಇಟ್ಟುಕೊಂಡು ಬಸ್ಸಿನಲ್ಲಿ ಕೂತರೆ, ಪಕ್ಕದಲ್ಲಿ ಅಳುವ ಮೊಮ್ಮಗನನ್ನು ಹಿಡಿದುಕೊಂಡ ಒಬ್ಬರು ಅಜ್ಜಿ. "ದೇವಿಯ ಸೀರೆಯಾ? ಸ್ವಲ್ಪ ಮಗುವಿನ ಮೇಲೆ ಹಾಕು ಮಗಾ, ಬೆಳಿಗ್ಗೆಯಿಂದ ಒಂದೇ ರಾಗ." ದೇವರ ವಿಷಯ, ಇಲ್ಲ ಅನ್ನಲಿಕ್ಕಾಗ್ತದಾ? ಹೊದಿಸಿದೆ. ಎರಡೇ ನಿಮಿಷ, ಮಗು ಅಳು ನಿಲ್ಲಿಸಿತು. ನನ್ನ ತೊಡೆ ಬೆಚ್ಚಗಾಯಿತು.

"ಅಯ್ಯೋ, ಸೀರೆ!" ಅಂತ ನಾನು ಕಿರುಚಿದರೆ ಅಜ್ಜಿ ಕೈಮುಗಿದು ಕಣ್ಣು ಮುಚ್ಚಿದ್ದಾರೆ. "ತಾಯೀ, ನಿನ್ನ ಮಹಿಮೆ! ಬೆಳಿಗ್ಗೆಯಿಂದ ಮಗು ಉಚ್ಚೆ ಹೊಯ್ದಿರಲಿಲ್ಲ. ಅದಕ್ಕೇ ಡಾಕ್ಟರ ಹತ್ತಿರ ಹೊರಟದ್ದು." ಅಲ್ಲಿಂದಲೇ ಇಳಿದು ವಾಪಸ್ ಹೋದರು, ಡಾಕ್ಟರ ಫೀಸೂ ಉಳಿಯಿತು.

೨. ಮೂರು ಸಲ ಕೊಂಡ ಗೌನು

ಮೂಡಬಿದ್ರೆಯ ಹತ್ತಿರ ಒಂದು ಇಗರ್ಜಿಯ, ಅಂದರೆ ಚರ್ಚಿನ ಹಬ್ಬ. ಏಲಂನಲ್ಲಿ ಕುಂಬಳಕಾಯಿ, ಕೋಳಿ, ಬಾಳೆಗೊನೆಗಳ ನಡುವೆ ಒಂದು ಬಿಳಿ ಗೌನು ಉಂಟು ಅಂತ ಪಕ್ಕದ ಮನೆಯ ಬಾಯಮ್ಮ ಸುದ್ದಿ ತಂದರು. ಯಾರೋ ಅಜ್ಜಿ ತನ್ನ ಮದುವೆಗೆ ಗೋವಾದಿಂದ ಹೊಲಿಸಿ ತರಿಸಿದ್ದಂತೆ. ಹೋಗಿ ನೋಡಿದೆ. ಕೈಯಲ್ಲಿ ಹೆಣೆದ ಲೇಸು! ಬಿಟ್ಟು ಬರಲಿಕ್ಕುಂಟಾ?

ಕೂಗಿದೆ, ಗೆದ್ದೆ. ಎಲ್ಲರೂ ಚಪ್ಪಾಳೆ ತಟ್ಟಿದರು. ಕಾಗದದಲ್ಲಿ ಕಟ್ಟಿಕೊಡಿ ಅಂತ ಗೌನನ್ನು ಏಲಂ ನಡೆಸುತ್ತಿದ್ದ ಇಗರ್ಜಿಯ ಗುರ್ಕಾರರ ಕೈಗೆ ಕೊಟ್ಟೆ. ಅವರು ಅದನ್ನು ಎತ್ತಿ ಹಿಡಿದು, "ಟೀಚರ್ ಇದನ್ನು ಇಗರ್ಜಿಗೇ ಮರಳಿ ಕೊಟ್ಟಿದ್ದಾರೆ!" ಅಂತ ಸಾರಿಬಿಟ್ಟರು. ಇನ್ನೂ ದೊಡ್ಡ ಚಪ್ಪಾಳೆ. ಆಗ ಬಾಯಮ್ಮ ಕಿವಿಯಲ್ಲಿ ಹೇಳಿದರು, ಇಲ್ಲಿ ಗೆದ್ದವರು ವಸ್ತುವನ್ನು ವಾಪಸ್ ಕೊಡುವ ಕ್ರಮ, ಅದನ್ನು ಪುನಃ ಕೂಗುವುದು, ಒಂದೇ ಕುಂಬಳಕಾಯಿ ಸಂಜೆಯೊಳಗೆ ಏಳು ಜನರಿಗೆ ಮಾರಾಟ ಆಗ್ತದೆ ಅಂತ. "ಮೊದಲೇ ಹೇಳ್ಲಿಕ್ಕೆ ನಿಮಗೆ ಎಂತ ಆಗಿತ್ತು?" ಅಂತ ಹಲ್ಲು ಕಚ್ಚಿದೆ. ಏನು ಮಾಡುವುದು, ಪುನಃ ಕೂಗಿದೆ, ಪುನಃ ಗೆದ್ದೆ.

ಈ ಸಲ ಗೌನನ್ನು ಎದೆಗೆ ಅವುಚಿಕೊಂಡೆ. ಆದರೆ ಅಷ್ಟರಲ್ಲಿ ಪಾದ್ರಿಗಳೇ ಇಳಿದು ಬಂದು, "ಎಂಥ ದೊಡ್ಡ ಮನಸ್ಸು!" ಅಂತ ಎರಡೂ ಕೈ ಚಾಚಿದರು. ಅಷ್ಟು ಜನರ ಎದುರು ಆ ಕೈಗೆ ಕೊಡದೆ ಇರುವುದು ಹೇಗೆ? ಮೂರನೇ ಸಲ ಕೂಗುವಾಗ ಮೊದಲೇ ಬೊಬ್ಬೆ ಹೊಡೆದೆ, "ಈ ಸಲ ಮನೆಗೆ! ಈ ಸಲ ಮನೆಗೇ!"

ಹೊರಡುವಾಗ ಪಾದ್ರಿಗಳು ಗೇಟಿನ ತನಕ ಬಂದರು. "ಮುಂದಿನ ವರ್ಷವೂ ಬನ್ನಿ ಟೀಚರ್. ಇಗರ್ಜಿಯ ಮಾಡು ಸೋರ್ತಾ ಉಂಟು."

೩. ಯಜಮಾನರು ಒಳಗಿದ್ದಾರೆ

ವರ್ಷಕ್ಕೆರಡು ಸಲ ಪೆಟ್ಟಿಗೆ ಬಿಚ್ಚಿ ಬಟ್ಟೆಗಳಿಗೆ ಗಾಳಿ ತೋರಿಸುತ್ತಿದ್ದೆ. ಅಂಗಳದ ಹಗ್ಗದಲ್ಲಿ ಕೆಂಪು ಸ್ಯಾಟಿನ್, ಹಸಿರು ಮಖಮಲ್ಲು, ಜರಿಯ ಮುಂಡಾಸು ಎಲ್ಲ ನೇತಾಡುತ್ತಿದ್ದವು. ಒಂದು ಬೆಳಿಗ್ಗೆ ವಿಟ್ಲ ಕಡೆಯ ಒಬ್ಬರು ವೀಳ್ಯದೆಲೆ, ಅಡಿಕೆ ಹಿಡಿದುಕೊಂಡು ಬಂದರು. ಜಗಲಿಯಲ್ಲಿ ಪೇಪರ್ ಓದುತ್ತಿದ್ದ ನನ್ನ ಗಂಡನ ಹತ್ತಿರ, "ನಮ್ಮದೊಂದು ಹರಕೆಯ ಆಟ ಉಂಟು. ಮೇಳ ಯಾವ ದಿನ ಖಾಲಿ ಉಂಟು?" ಅಂತ ಕೇಳಿದರು. ಹಗ್ಗದ ಬಟ್ಟೆ ನೋಡಿ ನಮ್ಮಲ್ಲಿ ಯಕ್ಷಗಾನ ಮೇಳ ಬಿಡಾರ ಹೂಡಿದೆ ಅಂತ ತಪ್ಪು ತಿಳಿದಿದ್ದರು.

ನನ್ನ ಗಂಡನಿಗೆ ಅಷ್ಟೇ ಸಾಕು. "ತಾರೀಕೆಲ್ಲ ಯಜಮಾನರ ಹತ್ತಿರ."

"ಯಜಮಾನರು ಎಲ್ಲಿದ್ದಾರೆ?"

"ಒಳಗೆ ದೋಸೆ ಹೊಯ್ತಾ ಇದ್ದಾರೆ."

ಸಟ್ಟುಗ ಹಿಡಿದುಕೊಂಡೇ ಹೊರಗೆ ಬಂದು ಇಬ್ಬರಿಗೂ ಸಮಾ ಬೈದೆ. ಬಂದವರು ಎರಡು ಹೆಜ್ಜೆ ಹಿಂದೆ ಸರಿದು, ನನ್ನ ಗಂಡನಿಗೆ ಮೆಲ್ಲ ಹೇಳಿದರು: "ಅಡ್ಡಿಲ್ಲ ಮಾರಾಯ್ರೆ, ರಾಕ್ಷಸನ ವೇಷಕ್ಕೆ ನಿಮ್ಮಲ್ಲಿ ಒಳ್ಳೆ ಜನ ಉಂಟು."

೪. ನೂರು ವರ್ಷದ ರವಿಕೆ

ಮೂಡಬಿದ್ರೆಯ ದೊಡ್ಡ ಮನೆಯೊಂದರವರು ಮನೆ ಖಾಲಿ ಮಾಡುವಾಗ ಏಲಂ ಇಟ್ಟರು. "ಅಜ್ಜಿಯ ಮದುವೆಯ ರವಿಕೆ, ನೂರು ವರ್ಷದ್ದು!" ಅಂತ ಕೂಗುವವನು ಎತ್ತಿ ತೋರಿಸಿದ. ಬುಗ್ಗೆ ಕೈ, ತೋಳಿನ ತುದಿಯಲ್ಲಿ ಕಸೂತಿ, ಜರಿ. ಜರಿ ವ್ಯಾಪಾರಿ ಪಕ್ಕದಲ್ಲೇ ನಿಂತು ಬೆಂಕಿಪೊಟ್ಟಣ ಅಲ್ಲಾಡಿಸುತ್ತಿದ್ದ. ಒಂದು ಎಳೆ ಸುಟ್ಟು ಬೆಳ್ಳಿ ಪರೀಕ್ಷೆ ಮಾಡುವುದು ಅವನ ಅಭ್ಯಾಸ. ಆ ಸದ್ದು ಕೇಳಿದ್ದೇ ನನ್ನ ತಲೆ ಕೆಟ್ಟಿತು. ಒಳಬದಿ ನೋಡದೆ ಕೂಗಿದೆ. ನೋಡದೆ ಕೊಂಡದ್ದು ಅದೇ ಮೊದಲ ಸಲ.

ಮನೆಗೆ ಬಂದು ಮಗುಚಿದರೆ ಒಳಗೆ ಒಂದು ಬಟ್ಟೆಯ ಪಟ್ಟಿ. ಕೆಂಪು ಮಸಿ. ಅಕ್ಷರ ನನ್ನದೇ! "ಕಸೂತಿ ಸಡಿಲ. ಪುನಃ ಮಾಡು." ಕೆಳಗೆ ನನ್ನ ಸಹಿ. ಎಂಟು ವರ್ಷದ ಹಿಂದೆ ಪರೀಕ್ಷೆಗೆ ಅಂತ ಹೊಲಿದು, ನನ್ನಿಂದ ಫೇಲಾದ ಹುಡುಗಿಯೊಬ್ಬಳು ಆ ಮನೆಗೆ ಸೊಸೆಯಾಗಿ ಹೋಗಿದ್ದಳು. ಅವಳ ರವಿಕೆ ಅಜ್ಜಿಯ ಪೆಟ್ಟಿಗೆಗೆ ಸೇರಿ ನೂರು ವರ್ಷ ಹಳತಾಗಿತ್ತು. ಮಾಡಿದ್ದುಣ್ಣೋ ಮಹಾರಾಯ!

ಮುಂದಿನ ವಾರ ಪೇಟೆಯಲ್ಲಿ ಅವಳೇ ಎದುರು ಸಿಕ್ಕಿದಳು. ಬಾಯಿಗೆ ಸೆರಗು ಅಡ್ಡ ಹಿಡಿದು ಕೇಳಿದಳು: "ಟೀಚರ್, ಅಷ್ಟು ರೇಟು ಕೊಟ್ಟಿದ್ದೀರಿ. ಈಗಲಾದರೂ ನಾನು ಪಾಸಾ?"

೫. ಅಪ್ಪನ ಕೋಟು

ಭೂಮಸೂದೆ ಬಂದು ಗೇಣಿ ನಿಂತ ಮೇಲೆ ಎಷ್ಟೋ ಧಣಿಗಳ ಮನೆಯ ಸಾಮಾನು ಹೊರಗೆ ಬಿತ್ತು. ಕಡೆಗೂ ಒಂದು ದಿನ ಬೆಳ್ತಂಗಡಿ ಕಡೆಯ ಆ ಮನೆಯಲ್ಲೂ ಪಾಲಾಯಿತು, ಏಲಂ ಉಂಟು ಅಂತ ಸುದ್ದಿ ಬಂತು. ಹೆಡ್‌ಮಾಸ್ಟರ ಹತ್ತಿರ ರಜೆ ಕೇಳಲು ಓಡಿದೆ.

"ಎಂತಕ್ಕೆ?"

"ಅಪ್ಪನ ಕೆಲಸಕ್ಕೆ ಸಾರ್."

"ನಿಮ್ಮ ಅಪ್ಪ ತೀರಿಕೊಂಡಾಗಲೇ ರಜೆ ಕೊಟ್ಟಾಗಿದೆಯಲ್ಲ ಟೀಚರ್!"

ವಿಷಯ ಹೇಳಿದ ಮೇಲೆ, "ಕೋಟು ತಂದರೆ ಶಾಲೆಯ ಪ್ರದರ್ಶನದಲ್ಲಿ ಇಡಬೇಕು" ಅಂತ ಷರತ್ತು ಹಾಕಿ ಬಿಟ್ಟರು.

ಮೇಜಿನ ಮೇಲೆ ಹಳೆ ಗಡಿಯಾರ, ಕನ್ನಡಿಗಳ ನಡುವೆ ಅದು ಮಲಗಿತ್ತು. ಕಪ್ಪು ಮಖಮಲ್ಲು, ಜರಿಯ ಕಾಲರು. ಜರಿ ವ್ಯಾಪಾರಿ ಆಗಲೇ ಕೋಟನ್ನು ಕೈಯಲ್ಲಿ ತೂಗಿ ನೋಡಿ ಕೆಳಗಿಟ್ಟಿದ್ದ. ಏಲಂ ಶುರುವಾಯಿತು. ಅವನೊಂದು ಕೂಗಿದ, ನಾನೊಂದು ಕೂಗಿದೆ. ಅವನು ಇನ್ನೊಂದು ಕೂಗಿದ. ನನಗೆ ತಡೆಯಲಿಲ್ಲ. "ಇದು ನನ್ನ ಅಪ್ಪ ಹೊಲಿದದ್ದು! ಇದಕ್ಕೆ ಬೆಂಕಿ ಇಟ್ಟರೆ ನಿನ್ನನ್ನು ಸುಮ್ಮನೆ ಬಿಡ್ತೇನಾ?" ಅಂತ ಎಲ್ಲರೆದುರು ಕೂಗಾಡಿ ಇನ್ನಷ್ಟು ಏರಿಸಿದೆ. ಅವನು ತಲೆ ತಗ್ಗಿಸಿ ಹಿಂದೆ ಸರಿದ. ಮೂರು ಸಲ ಕೂಗಿದರು. ಕೋಟು ನನ್ನದಾಯಿತು.

ಕಣ್ಣೀರು ಒರೆಸಿಕೊಂಡು ಅವನ ಹತ್ತಿರ ಹೋದೆ. "ನಿನ್ನ ಉಪಕಾರ ಮರೆಯುವುದಿಲ್ಲ ಮಾರಾಯ."

"ಉಪಕಾರ ಎಂತದ್ದು ಟೀಚರ್? ಕಾಲರಿನಲ್ಲಿ ಇರುವ ಬೆಳ್ಳಿ ಒಂದು ಚಾ ಖರ್ಚಿಗೆ ಸಾಲದು. ನೀವು ಎಷ್ಟರ ತನಕ ಹೋಗ್ತೀರಿ ಅಂತ ಸುಮ್ಮನೆ ನೋಡಿದೆ," ಅಂದ, ಕಳ್ಳ!

ಹೋಗಲಿ. ಆ ಮನೆಯ ಜಗಲಿಯಲ್ಲೇ ಕೂತು ಕೋಟು ಮಗುಚಿದೆ. ಒಳಗಿನ ಹೊಲಿಗೆ ನೋಡಿ ನನ್ನ ಎದೆ ಉಬ್ಬಿತು. ಒಂದೇ ಒಂದು ನೂಲು ಆಚೀಚೆ ಇಲ್ಲ. ಆಮೇಲೆ ಹೊರಬದಿ ತಿರುಗಿಸಿ ಗುಂಡಿ ಹಾಕಿ ನೋಡಿದೆ. ಒಂದು, ಎರಡು, ಮೂರು. ನಾಲ್ಕನೆಯ ಗುಂಡಿಗೆ ಕಾಜ ಇಲ್ಲ! ಪುನಃ ಎಣಿಸಿದೆ. ಗುಂಡಿ ಒಂಬತ್ತು, ಕಾಜ ಎಂಟು. ಅಪ್ಪ ಒಂದು ಕಾಜ ಹಾಕಲು ಮರೆತಿದ್ದರು. ಎದೆಯ ಸರೀ ನಡುವಿನಲ್ಲಿ ಕೋಟು ಬಾಯಿ ಬಿಟ್ಟುಕೊಂಡಿತ್ತು.

ಒಳಬಾಗಿಲಿನ ಹತ್ತಿರ ಯಾರೋ ನಕ್ಕರು. ತೀರಿಕೊಂಡ ಧಣಿಯ ಹೆಂಡತಿ, ಹಣ್ಣು ಹಣ್ಣು ಮುದುಕಿ. "ಟೈಲರನ ಮಗಳಾ ನೀನು? ಆವತ್ತು ಫೋಟೋದವನು ಬಂದು ನಿಂತಿದ್ದಾನೆ, ಕೋಟು ಹಾಕಿದರೆ ಒಳಗಿನ ಬನಿಯನ್ ಕಾಣ್ತದೆ! ಇವರು ಅಲ್ಲಿಗೆ ಕೈ ಅಡ್ಡ ಇಟ್ಟುಕೊಂಡು ನಿಂತರು. ಫೋಟೋ ಬಂದ ಮೇಲೆ ಊರಿಡೀ, 'ಆಹಾ, ಏನು ಗತ್ತು!' ಅಂತ ಹೊಗಳಿತು. ಮತ್ತೆ ಸರಿ ಮಾಡಿಸ್ಲಿಕ್ಕೆ ಇವರೇ ಬಿಡಲಿಲ್ಲ."

"ಅಪ್ಪನನ್ನು ಕರೆಸಿ ಕೇಳಲಿಲ್ಲವಾ?"

"ಕೇಳದೆ ಬಿಡ್ತಾರಾ? ನಿನ್ನ ಅಪ್ಪ ಕೋಟನ್ನು ಮೇಲೆ ಕೆಳಗೆ ನೋಡಿದ. ಆಮೇಲೆ ಹೇಳಿದ: 'ಧಣಿಗಳೇ, ಅದು ಕೈ ಇಡಲಿಕ್ಕೆ ಅಂತಲೇ ಬಿಟ್ಟ ಜಾಗ.'"

ಆ ಮುದುಕಿಯೂ ನಾನೂ ಹೊಟ್ಟೆ ಹಿಡಿದುಕೊಂಡು ನಕ್ಕೆವು. ಸ್ಕೇಲಿನ ಪೆಟ್ಟು ತಿಂದ ನನ್ನ ಬೆರಳುಗಳಿಗೂ ಆವತ್ತು ಸಮಾಧಾನ ಆಯಿತು. ಅಪ್ಪನ ಹೊಲಿಗೆ ಗಟ್ಟಿ, ಬಾಯಿ ಅದಕ್ಕಿಂತ ಗಟ್ಟಿ. ಅಂಥವರ ಮಗಳು ನಾನು ಅಂತ ಬಸ್ಸಿನಲ್ಲಿ ಬರುವಾಗ ಒಬ್ಬಳೇ ನಗುತ್ತಾ ಬಂದೆ.

"ಐದು ನಿಮಿಷದ ಕೆಲಸ, ಒಂದು ಕಾಜ ಹಾಕಿಬಿಡು," ಅಂದರು ನನ್ನ ಗಂಡ.

"ಅಪ್ಪನ ಹೊಲಿಗೆ ತಿದ್ದಲಿಕ್ಕೆ ನಾನ್ಯಾರು?" ಅಂತ ಅವರ ಮೇಲೆಯೇ ರೇಗಿದೆ. ನಿಜ ಹೇಳಬೇಕೆಂದರೆ, ಮುಟ್ಟಲು ಮನಸ್ಸೇ ಬರಲಿಲ್ಲ.

ಆದರೆ ಪ್ರದರ್ಶನದ ದಿನ ಫಜೀತಿಯಾಯಿತು. ಕೋಟು ತೊಡಿಸಿದ್ದು ಮರದ ಬೊಂಬೆಗೆ. ಬೊಂಬೆಗೆ ಕೈ ಇಲ್ಲ! ಎದೆಯ ನಡುವೆ ಬಾಯಿ ಬಿಟ್ಟ ಕೋಟು. ಎದುರಿಗೆ ಸಾಲಾಗಿ ಬರುತ್ತಿದ್ದವರು ಒಂದೊಂದು ಕಾಜಕ್ಕೂ ನನ್ನಿಂದ ಮಾರ್ಕು ಕಳೆದುಕೊಂಡ ಹುಡುಗಿಯರು. ನೋಡಿದರೆ ಮುಗಿಯಿತು ನನ್ನ ಕತೆ. ಬೇರೆ ದಾರಿ ಕಾಣದೆ ಬೊಂಬೆಯ ಪಕ್ಕ ನಿಂತು, ನಾಲ್ಕನೆಯ ಗುಂಡಿಯ ಮೇಲೆ ನನ್ನ ಅಂಗೈ ಇಟ್ಟೆ.

ಹೆಡ್‌ಮಾಸ್ಟರು ಮೈಕಿನಲ್ಲಿ ಗದ್ಗದಿತರಾದರು. "ನೋಡಿ ಮಕ್ಕಳೇ, ತಂದೆಯ ಕೋಟಿನಿಂದ ಟೀಚರಿಗೆ ಕೈ ತೆಗೆಯಲಿಕ್ಕೇ ಮನಸ್ಸಾಗುವುದಿಲ್ಲ!" ಬಾಯಮ್ಮ ಕಣ್ಣು ಒರೆಸಿಕೊಂಡರು. ಊಟದ ಗಂಟೆ ಹೊಡೆಯಿತು, ನಾನು ಅಲ್ಲಾಡಲಿಲ್ಲ. ನನ್ನ ಗಂಡ ಮಾತ್ರ ಮೂಲೆಯಲ್ಲಿ ನಿಂತು ಹೊಟ್ಟೆ ಹುಣ್ಣಾಗುವ ಹಾಗೆ ನಗುತ್ತಿದ್ದರು.

ಅದೇ ಹೊತ್ತಿಗೆ ಫೋಟೋದವನು ಬಂದು ತೆಗೆದ ಫೋಟೋ ಈಗ ನಮ್ಮ ಜಗಲಿಯಲ್ಲಿ, ಅಪ್ಪನ ಅಂಗಡಿಯಿಂದ ತಂದ ಧಣಿಯ ಫೋಟೋದ ಪಕ್ಕದಲ್ಲೇ ಉಂಟು. ಅದೇ ಕೋಟು, ಅದೇ ಜಾಗದಲ್ಲಿ ಕೈ. ನೋಡಿದವರೆಲ್ಲ, "ಆಹಾ, ಏನು ಗತ್ತು!" ಅನ್ನುತ್ತಾರೆ. ನಾನು ಹೇಳ್ತೇನೆ: "ನನ್ನ ಅಪ್ಪ ಹೊಲಿದ ಕೋಟು. ಕೈ ತನ್ನಿಂದ ತಾನೇ ಎದೆಗೆ ಹೋಗ್ತದೆ."