ಢಣ್ ಎಂದಾಗ ನೀವೇನು ಮಾಡುತ್ತಿದ್ದಿರಿ?

ಔರಾದಿನ ನಮ್ಮ ಸೋದರತ್ತೆಯ ಎದುರು ನೆಮ್ಮದಿಯಾಗಿ ಆಕಳಿಸಿದವರು ಇನ್ನೂ ಹುಟ್ಟಿಲ್ಲ! ಚಿಂತಾಕಿ ಕಡೆಯ ಸರಕಾರಿ ಶಾಲೆಯಲ್ಲಿ ಅವರು ಇಂಗ್ಲಿಷ್ ಟೀಚರಾಗಿದ್ದರು. ಚೀಲದಲ್ಲಿ ಪುಸ್ತಕ ಇರಲಿ ಬಿಡಲಿ, ನೆಗ್ಗಿದ ಒಂದು ಅಲ್ಯುಮಿನಿಯಂ ತಾಟು, ಒಂದು ಚಮಚ ಇರಲೇಬೇಕು. ಎಲ್ಲೆಂದರಲ್ಲಿ ಢಣ್ ಎಂದು ಬಾರಿಸುತ್ತಾರೆ. ಆ ಗಳಿಗೆಯಲ್ಲಿ ನೀವು ಏನು ಮಾಡುತ್ತಿದ್ದಿರೋ ಅದನ್ನು ಇಂಗ್ಲಿಷಿನಲ್ಲಿ ಒಪ್ಪಿಸಬೇಕು. ಒಬ್ಬರಿದ್ದರೆ ‘ವಾಸ್’, ಹೆಚ್ಚು ಮಂದಿಯಿದ್ದರೆ ‘ವರ್’, ಮಾಡುವ ಕೆಲಸದ ಬಾಲಕ್ಕೊಂದು ‘ಇಂಗ್’. ಪಾಸ್ಟ್ ಕಂಟಿನ್ಯುಯಸ್ ಎಂದರೆ ಇಷ್ಟೇ, ಇದಕ್ಕೇಕೆ ಹೆದರಿಕೆ ಎನ್ನುವುದು ಅವರ ವಾದ.

ನಾನು ಹತ್ತನೆಯ ತರಗತಿ ಓದಿದ್ದು ಅವರ ಮನೆಯಲ್ಲೇ. ಒಮ್ಮೆ ಮೊಬೈಲ್ ಹಿಡಿದು ಮಲಗಿದ್ದಾಗ ತಾಟು ಮೊಳಗಿತು. ಗಾಬರಿಯಲ್ಲಿ "ಐ ವಾಸ್ ಸ್ಟಡಿಯಿಂಗ್" ಎಂದೆ.

"ಟೆನ್ಸ್ ಬರೋಬರ್ ಅದ, ಮಾತ್ ಸುಳ್ಳದ," ಎಂದು ಮೊಬೈಲ್ ಕಸಿದುಕೊಂಡರು.

ಭಾಲ್ಕಿಯ ಮದುವೆಯೊಂದರಲ್ಲಿ ಆರನೆಯ ಜಿಲೇಬಿಗೆ ಕೈಹಾಕಿದ್ದ ಬೀಗರು "ಐ ವಾಸ್ ಈಟಿಂಗ್" ಎಂದು ತಪ್ಪೊಪ್ಪಿಕೊಂಡದ್ದೂ ಉಂಟು! ಬೀದರಿನಿಂದ ಬರುವ ಬಸ್ಸಿನಲ್ಲಿ ಬಾರಿಸಿದಾಗಲಂತೂ ಡ್ರೈವರ್ ಗಕ್ಕನೆ ಬ್ರೇಕ್ ಹಾಕಿದ. ಕಂಡಕ್ಟರ್ ಅತ್ತೆಯ ಹಳೆಯ ವಿದ್ಯಾರ್ಥಿ. ನೆಟ್ಟಗೆ ನಿಂತು, "ಐ ವಾಸ್ ಗಿವಿಂಗ್ ಟಿಕೆಟ್, ಟೀಚರ್!" ಎಂದ. ಡ್ರೈವರ್ ಕೈಮುಗಿದ: "ನಾ ಗಾಡಿ ಹೊಡಿಲತ್ತಿದ್ದೆ ಅಕ್ಕೋರ, ಈಗ ಹೊಡೀಲೇನ್ರಿ?" ಅದನ್ನೇ ಇಂಗ್ಲಿಷಿನಲ್ಲಿ ಹೇಳುವವರೆಗೆ ಬಸ್ಸು ಹೊರಡಲಿಲ್ಲ.

ಆದರೆ ಎಲ್ಲರನ್ನೂ ಕೇಳುವ ಅತ್ತೆ ತಾವು ಮಾತ್ರ ಒಮ್ಮೆಯೂ ಉತ್ತರ ಕೊಟ್ಟವರಲ್ಲ. ಇದ್ಯಾವ ನ್ಯಾಯ? ಕೇಳಿದರೆ "ಬಾರ್ಸೋರಿಗಿ ಯಾರೂ ಕೇಳಂಗಿಲ್ಲ" ಎಂದು ಮುಖ ತಿರುಗಿಸುತ್ತಿದ್ದರು. ಅವರು ನಿವೃತ್ತರಾಗುವುದರೊಳಗೆ ಒಂದು ವಾಕ್ಯವನ್ನಾದರೂ ಹೊರಡಿಸಲೇಬೇಕೆಂದು ನಾನು ಹಟ ತೊಟ್ಟೆ.

ನಿವೃತ್ತಿಯ ದಿನ ಶಾಲೆಯ ಅಂಗಳದಲ್ಲಿ ಸನ್ಮಾನ. ಅತ್ತೆ ಶಾಲು ಹೊದ್ದು ಕೂತಿದ್ದರು. ಮೆಲ್ಲಗೆ ಅವರ ಚೀಲದಿಂದ ತಾಟು ಎಗರಿಸಿ ಢಣ್ ಎನಿಸಿದೆ.

"ಅತ್ತೀ, ಈಗ ನಿಮ್ಮ ಪಾಳಿ! ಏನ್ ಮಾಡ್ಲತ್ತಿದ್ರಿ, ಹೇಳ್ರಿ!"

ಮಕ್ಕಳು ಹೋ ಎಂದು ಚಪ್ಪಾಳೆ ತಟ್ಟಿದರು. ಅತ್ತೆ ನಗಲಿಲ್ಲ. ತಾಟನ್ನು ಇಸಿದುಕೊಂಡು ಅದರ ನೆಗ್ಗುಗಳ ಮೇಲೆ ಬೆರಳಾಡಿಸಿದರು.

"ಇದು ನಮ್ಮವ್ವನ ತಾಟ. ಕೂಲಿಗಿ ಹೋದಾಗ ನನಗ ಪುಸ್ತಕ ಕೊಟ್ಟು ಬದುವಿನ ಮ್ಯಾಲ ಕೂಡಸ್ತಿದ್ಳು. ಕೈಗೂಡಸ್ಲಾಕ ನಾ ಎದ್ದನಂದ್ರ, ಕುಡಗೋಲು ತಗೊಂಡು ಈ ತಾಟಿಗಿ ಬಾರಸ್ತಿದ್ಳು. ಕೂಡು, ಓದು ಅಂತಿದ್ಳು."

ಆಮೇಲೆ, ಮಕ್ಕಳ ಕಡೆ ತಿರುಗಿ, ತರಗತಿಯಲ್ಲಿ ಹೇಳುವಷ್ಟೇ ಸ್ಪಷ್ಟವಾಗಿ ಹೇಳಿದರು:

"ಮೈ ಮದರ್ ವಾಸ್ ಕಟಿಂಗ್ ತೊಗರಿ. ಐ ವಾಸ್ ರೀಡಿಂಗ್."

ಒಂದಕ್ಷರವೂ ಬಾರದ ಆ ಅಜ್ಜಿಯ ಮೊಮ್ಮಗ ನಾನು! ಅಂಥ ಹೆಮ್ಮೆ ನನಗೆ ಹಿಂದೆಂದೂ ಆಗಿರಲಿಲ್ಲ.