ಟ್ರಂಕು ಮೊದಲು ಬಂತು

ಎಲ್ಲ ಶುರುವಾದದ್ದು ಗಿರಿಜಾಬಾಯಿಯ ಮಿರ್ಚಿ ಭಜಿಯಿಂದ.

ಬೆಳಿಗ್ಗೆ ಪಕ್ಕದ ಮನೆಯ ಕಡಾಯಿಯಲ್ಲಿ ಹಿಟ್ಟು ಮೆತ್ತಿದ ಮೆಣಸಿನಕಾಯಿ ಚುರ್ ಎಂದ ಸದ್ದಿಗೆ ಆಮ್ರಪಾಲಿ ಒಗೆಯುತ್ತಿದ್ದ ಸೀರೆಯನ್ನು ಕೈಬಿಟ್ಟು ಕಲ್ಲಿನ ಮೇಲೆ ಕುಳಿತುಬಿಟ್ಟಳು. ಎರಡು ವಾರದಿಂದ ಅವಳ ಹಲ್ಲುಗಳಿಗೆ ಕೆಲಸವಿರಲಿಲ್ಲ. ಮಜ್ಜಿಗೆ, ಬೇಳೆಯ ತಿಳಿ, ಡಬ್ಬಿಯ ಪುಡಿ ಕಲಸಿದ ಹಾಲು, ಅಷ್ಟೇ. ಇವತ್ತು ಅದೂ ಇಲ್ಲ, ಬರೀ ನೀರು. ಭಜಿಯ ವಾಸನೆ ಗೋಡೆ ಹತ್ತಿ ಇಳಿದು, ಕರೆಯದೆ ಬಂದ ಬೀಗನ ಹಾಗೆ ಅಂಗಳದ ನಡುವೆ ಕುಳಿತುಕೊಂಡಿತು. ಆಮ್ರಪಾಲಿಯ ಕಣ್ಣಿಂದ ನೀರು ಇಳಿಯಿತು.

ಗೋಡೆಯ ಮೇಲೆ ಗಿರಿಜಾಬಾಯಿಯ ತಲೆ ಕಾಣಿಸಿತು.

"ಯಾಕ ತಂಗಿ, ಅಳ್ಲತ್ತೀದಿ?"

ನಿಮ್ಮ ಭಜಿಗೆ ಎಂದು ಹೇಳುವ ಹಾಗಿರಲಿಲ್ಲ. ಹೇಳಿದರೆ ಒಂದು ತಾಟು ಭಜಿ ಗೋಡೆ ದಾಟಿ ಬರುತ್ತಿತ್ತು.

"ಏನಿಲ್ರಿ ಬಾಯಿ. ಇವ್ರ ನೆನಪು ಬಂತು."

ಗಿರಿಜಾಬಾಯಿ ಅವಳನ್ನು ಒಂದು ಗಳಿಗೆ ಹೆಚ್ಚೇ ನೋಡಿ ತಲೆ ಇಳಿಸಿದಳು. ಇವರೆಂದರೆ ಅಶ್ವಜಿತ, ಫೌಜಿನಲ್ಲಿ ಹವಾಲ್ದಾರ. ಹನ್ನೆರಡು ವರ್ಷದ ಸಂಸಾರದಲ್ಲಿ ಆಮ್ರಪಾಲಿ ಗಂಡನ ನೆನಪಿಗೆ ಅತ್ತದ್ದನ್ನು ಭಾಲ್ಕಿಯ ಆ ಓಣಿ ನೋಡಿರಲಿಲ್ಲ.

ಅಶ್ವಜಿತನಿಗೆ ಈಗ ಗಡಿಯಿಂದ ದೂರದ ಊರಿಗೆ ಬದಲಿಯಾಗಿತ್ತು. ಹೆಂಡತಿಯನ್ನು ಜೊತೆಗಿಟ್ಟುಕೊಳ್ಳಲು ಕ್ವಾರ್ಟರು ಸಿಕ್ಕಿತ್ತು, ಮೂರನೆಯ ಮಹಡಿಯಲ್ಲಿ. ಲಿಫ್ಟ್ ಇಲ್ಲ. ಹಿಂದೊಮ್ಮೆ ಇಂಥದೇ ಕ್ವಾರ್ಟರಿಗೆ ಹೋಗಿದ್ದ ಆಮ್ರಪಾಲಿ ಪ್ರತಿ ತಿರುವಿನಲ್ಲೂ ಮೆಟ್ಟಿಲ ಮೇಲೆ ಕುಳಿತು ಉಸಿರು ಹುಡುಕಿದ್ದಳು. ಹೆಂಗಸರ ಸಭೆಯಲ್ಲಿ ಅವಳ ಕುರ್ಚಿ ಮುರಿದ ಸುದ್ದಿ ಸಂಜೆಯೊಳಗೆ ಪಲ್ಟನ್ನಿಗೆಲ್ಲ ಗೊತ್ತಾಗಿತ್ತು. ಅತ್ತೆಗೆ ಆರಾಮಿಲ್ಲ ಎಂದು ನೆಪ ಹೇಳಿ ತಿಂಗಳಲ್ಲೇ ವಾಪಸು ಬಂದಿದ್ದಳು. ಆಮೇಲೆ ಶುಗರ್ ಬಂತು, ಮೊಣಕಾಲು ಹೋಯಿತು. ಹೊಟ್ಟೆಯ ಚೀಲವನ್ನೇ ಸಣ್ಣದು ಮಾಡುವ ಆಪರೇಶನ್ ಒಂದಿದೆ ಎಂದು ಬೀದರಿನ ಡಾಕ್ಟರು ಹೇಳಿದರು. ಫೌಜಿ ಆಸ್ಪತ್ರೆಯವರು ನೂರು ಸಲ ತೂಗಿ, ತಪಾಸಣೆ ಮಾಡಿ, ಹೈದರಾಬಾದಿನ ಒಂದು ದವಾಖಾನೆಗೆ ಬರೆದುಕೊಟ್ಟರು. ನಾಳೆ ಬೆಳಿಗ್ಗೆ ದಾಖಲಾಗಬೇಕು.

"ಕಟ್ಟುನಿಟ್ಟಾಗಿ ದ್ರವವೇ ಇರಬೇಕು. ಒಂದು ತುತ್ತು ತಿಂದು ಬಂದರೂ ಟೇಬಲ್ ಮೇಲಿಂದ ಎಬ್ಬಿಸಿ ಮನೆಗೆ ಕಳಿಸುತ್ತೇನೆ" ಎಂದಿದ್ದರು ಅಲ್ಲಿನ ಡಾಕ್ಟರು. ಕಳಿಸಿದರೆ ಮುಂದಿನ ಸರದಿ ಯಾವಾಗಲೋ. ಅಶ್ವಜಿತನ ರಜೆ ಮುಗಿಯುತ್ತದೆ, ಕ್ವಾರ್ಟರು ಇನ್ನೊಬ್ಬರ ಪಾಲಾಗುತ್ತದೆ.

ಇದು ಗಂಡನಿಗೂ ಅವಳಿಗೂ ಬಿಟ್ಟು ಯಾರಿಗೂ ಗೊತ್ತಿರಲಿಲ್ಲ. ಅತ್ತೆ ಜಿಜಾಬಾಯಿಗೂ ಓಣಿಗೂ ಹೈದರಾಬಾದಿಗೆ ಮೊಣಕಾಲು ತೋರಿಸಲು ಎಂದು ಹೇಳಿಯಾಗಿತ್ತು. ನಿಜ ತಿಳಿದರೆ ಗಿರಿಜಾಬಾಯಿ ಏನೆನ್ನುತ್ತಾಳೆಂಬುದು ಆಮ್ರಪಾಲಿಗೆ ಬಾಯಿಪಾಠವಿತ್ತು. ಬಾಯಿ ಕಟ್ಟಿದ್ರ ಆಗ್ತಿತ್ತು, ಹೊಟ್ಟಿ ಯಾಕ ಕೊಯ್ಸಿಕೋಬೇಕು?

ಹತ್ತರ ಸುಮಾರಿಗೆ ಮನೆಯ ಮುಂದೆ ಆಟೋ ನಿಂತಿತು. ಇಳಿದವನು ಭಾತಂಬ್ರಾದ ಗೌರವ, ಅಶ್ವಜಿತನ ಪಲ್ಟನ್ನಿನವನೇ, ರಜೆಗೆ ಬಂದಿದ್ದ. ಹೆಗಲ ಮೇಲೆ ಕರಿ ಟ್ರಂಕು. ಅದರ ಮೇಲೆ ಬಿಳಿ ಬಣ್ಣದಲ್ಲಿ ಅಶ್ವಜಿತನ ಹೆಸರು, ನಂಬರು.

"ಜೈಭೀಮ್ ವೈನಿ" ಎಂದು ಅತ್ತಿಗೆಗೆ ವಂದಿಸಿ, ಟ್ರಂಕನ್ನು ಒಳಗಿಳಿಸಿ ದನಿ ತಗ್ಗಿಸಿದ. "ಅಶ್ವಜಿತ ದಾದಾ ಸಂಜಿಗಿ ಬರ್ತಾರ. ಹೈದರಾಬಾದಕ್ಕ ಇದನ್ನೂ ಹೊತ್ತು ತಿರುಗೋದು ಯಾಕಂತ ನನ್ ಕೈಯಾಗ ಕೊಟ್ಟು ಕಳಿಸ್ಯಾರ."

ಅವನಿಗೆ ಆಪರೇಶನ್ ವಿಷಯ ಗೊತ್ತಿದೆ ಎಂದು ಆಮ್ರಪಾಲಿಗೆ ಹೊಳೆಯಿತು. ಅವನು ಅವಳ ಮುಖ ಬಿಟ್ಟು ನೆಲ, ಗೋಡೆ, ಗೋಡೆಯ ಮೇಲಿನ ಬುದ್ಧನ ಪಟ, ಎಲ್ಲವನ್ನೂ ನೋಡುತ್ತಿದ್ದ.

"ಕೂಡ್ರಿ, ಚಹಾ ಮಾಡ್ತೇನಿ."

"ಬ್ಯಾಡ್ರಿ ವೈನಿ. ನೀವು ಉಪಾಸ ಇದ್ದಾಗ ನನಗ ಇಳಿಯಂಗಿಲ್ಲ."

ಬಾಗಿಲಿಗೆ ಬಂದು ಟೋಪಿ ತೆಗೆದು ಕೈ ಮುಗಿದು, ತಲೆ ತಗ್ಗಿಸಿ ಹೋದ. ಒಳಗಿನ ಮಾತು ಓಣಿಗೆ ಕೇಳಿಸಿರಲಿಲ್ಲ. ಓಣಿ ಕಂಡದ್ದು ಇಷ್ಟು: ಫೌಜಿ ಇಲ್ಲದೆ ಫೌಜಿಯ ಟ್ರಂಕು ಬಂತು. ತಂದವನು ನೀರು ಮುಟ್ಟಲಿಲ್ಲ, ಟೋಪಿ ತೆಗೆದ. ಇದರರ್ಥ ಏನೆಂದು ಟೀವಿ ನೋಡಿದ ಎಲ್ಲರಿಗೂ ಗೊತ್ತಿತ್ತು.

ಮಧ್ಯಾಹ್ನಕ್ಕೆ ಎದುರು ಮನೆಯ ಮಹಮೂದಾ ಬೇಗಂ ಮುಚ್ಚಿದ ಡಬ್ಬಿ ಹಿಡಿದು ಬಂದಳು. ಹಿಂದೆಯೇ ಗಿರಿಜಾಬಾಯಿ, ರೊಟ್ಟಿ, ಜುಣಕ ಮತ್ತು ಆ ಹಾಳು ಭಜಿಯ ತಾಟಿನೊಂದಿಗೆ.

"ಬೇಟಿ, ಇವತ್ತು ನಿಮ್ಮ ಮನ್ಯಾಗ ಒಲಿ ಹಚ್ಚಬ್ಯಾಡ" ಎಂದಳು ಮಹಮೂದಾ ಬೇಗಂ. "ಖಿಚಡಿ ತಂದೀನಿ. ಎರಡು ತುತ್ತು ಉಣ್ಣು."

ಆಮ್ರಪಾಲಿ ತಣ್ಣನೆಯ ಒಲೆಯತ್ತ ನೋಡಿದಳು. ಒಲೆ ಹಚ್ಚಿಲ್ಲವೆಂದು ಇವರಿಗೆ ಹೇಗೆ ಗೊತ್ತು? ಗೌರವ ಬಾಯಿ ಬಿಟ್ಟನೇ?

"ನಿಮಗ ಹ್ಯಾಂಗ ಗೊತ್ತಾತು ಖಾಲಾ?"

"ಓಣಿಗೆಲ್ಲಾ ಗೊತ್ತಾಗ್ಯಾದ ಬೇಟಿ. ಧೈರ್ಯ ತಗೋ."

ಬೈಗುಳ, ನಗೆ, ಉಪದೇಶ ಏನಾದರೂ ಬರುತ್ತದೆಂದು ಕಾದಿದ್ದ ಆಮ್ರಪಾಲಿಗೆ ಆ ಮೆತ್ತನೆಯ ದನಿ ಕೇಳಿ ಬಚ್ಚಿಡುವುದೇ ಬೇಡವೆನಿಸಿತು. "ಧೈರ್ಯ ತಗೊಂಡೇ ಕುಂತೀನಿ ಖಾಲಾ. ಮನಸ್ಸು ಮೊದಲೇ ಗಟ್ಟಿ ಮಾಡೀನಿ. ಇಷ್ಟು ವರ್ಷ ಹೊತ್ತಿದ್ದು ಸಾಕಾತು. ಇನ್ನ ಮುಂದ ಹಗುರಾಗಿ ಬದುಕ್ತೇನಿ."

ಮಹಮೂದಾ ಬೇಗಂ ಗಲ್ಲದ ಮೇಲೆ ಕೈ ಇಟ್ಟುಕೊಂಡಳು. ಗಿರಿಜಾಬಾಯಿ ಅವಳ ಬೆನ್ನು ಸವರಿದಳು. "ಮಾತಾಡ್ಲಿ ಬಿಡ್ರಿ, ಹೊರಗ ಬರ್ಲಿ. ಎಷ್ಟು ಸೊರಗ್ಯಾಳ ನೋಡ್ರಿ."

ಸೊರಗ್ಯಾಳ! ದಿನಾ ಬೆಳಿಗ್ಗೆ ಗೋಡೆಯ ಮೇಲಿಂದ "ಮತ್ತ ದಪ್ಪಾಗೀದಿ ನೋಡು ತಂಗಿ" ಎನ್ನುತ್ತಿದ್ದ ಗಿರಿಜಾಬಾಯಿ ಇವಳೇ ಏನು? ಎರಡು ವಾರದ ಉಪವಾಸ ಕಡೆಗೂ ಒಬ್ಬರ ಕಣ್ಣಿಗೆ ಬಿತ್ತೆಂದು ಆಮ್ರಪಾಲಿಗೆ ಒಳಗೊಳಗೇ ಖುಷಿಯಾಯಿತು. ಮುಖದ ಮೇಲೆ ಸಣ್ಣ ನಗು ಕೂಡ ಬಂತು. ಆ ನಗು ಕಂಡು ಮಹಮೂದಾ ಬೇಗಂ ಸೆರಗಿನಲ್ಲಿ ಕಣ್ಣೊರೆಸಿಕೊಂಡಳು.

"ಉಣ್ಣು ಬೇಟಿ."

"ಒಲ್ಲೆ ಖಾಲಾ. ಉಂಡ್ರ ಎಲ್ಲಾ ಹಾಳಾಗ್ತದ."

ಹೊರಗೆ ನಿವೃತ್ತ ಹೆಡ್‌ಮಾಸ್ತರ ಮಚ್ಛೇಂದ್ರ ಗುರುಜಿ ಬಿಳಿ ಅಂಗಿ ತೊಟ್ಟು ಬಂದು ಪ್ಲಾಸ್ಟಿಕ್ ಕುರ್ಚಿ ಹಾಕಿಸುತ್ತಿದ್ದರು. ಮೊಣಕಾಲಿನ ತಪಾಸಣೆಗೆ ಹೋಗುವವಳಿಗೆ ಇಷ್ಟೊಂದು ಜನ ಬೀಳ್ಕೊಡಲು ಬರುವುದು ಆಮ್ರಪಾಲಿಗೆ ಅತಿಯೆನಿಸಿತು. ಹೊಟ್ಟೆಯ ಆಪರೇಶನ್ ಎಂದು ಗೊತ್ತಾಗಿದ್ದರೂ ಅತಿಯೇ. ಆದರೆ ಒಂದು ಮಾತು ಮನಸ್ಸಿಗೆ ತಟ್ಟಿತು. ಇಷ್ಟು ಹೊತ್ತಿನಲ್ಲಿ ಒಬ್ಬರೂ ಅವಳ ಮೈಯ ಬಗ್ಗೆ ಮಾತಾಡಿರಲಿಲ್ಲ. ಮದುವೆಯಾದಾಗಿನಿಂದ ಅಂಥ ಮಧ್ಯಾಹ್ನ ಅವಳಿಗೆ ಸಿಕ್ಕಿರಲಿಲ್ಲ.

ಕಿಟಕಿಯ ಮೇಲಿಟ್ಟಿದ್ದ ಅವಳ ಮೊಬೈಲು ರಿಂಗಣಿಸಿತು. ಅವಳು ಏಳುವ ಮೊದಲೇ, ಎರಡೂ ಕಡೆಯಿಂದ ಹೆಂಗಸರು ಒತ್ತಿ ಹಿಡಿದಿದ್ದರಲ್ಲ, ಹೊರಗಿನಿಂದ ಗುರುಜಿ ಕೈ ಹಾಕಿ ಎತ್ತಿಕೊಂಡರು. "ನೀ ಕೂಡವಾ, ನಾ ಮಾತಾಡ್ತೇನಿ" ಎಂದು ಓಣಿಯ ತುದಿಗೆ ನಡೆದು, ಹಿಂದಿಯಲ್ಲಿ ಭಾರವಾದ ದನಿಯಿಂದ ನಾಲ್ಕು ಮಾತಾಡಿ ಬಂದರು. ಯಾರೆಂದು ಕೇಳುವಷ್ಟರಲ್ಲಿ ಕ್ರೂಸರ್ ಗಾಡಿಯೊಂದು ಓಣಿಯ ಬಾಯಿಗೆ ಬಂದು ನಿಂತಿತು.

ಔರಾದಿನಿಂದ ಬಂದ ಗಾಡಿ. ತಮ್ಮನ ಮನೆಗೆ ಹೋಗಿದ್ದ ಅತ್ತೆ ಜಿಜಾಬಾಯಿ ಇಳಿದಳು. ಇಳಿದಳು ಎನ್ನುವುದಕ್ಕಿಂತ ತಮ್ಮನೂ ಅವನ ಹೆಂಡತಿಯೂ ಅವಳನ್ನು ಇಳಿಸಿದರು. ಅವಳು ಒಳಗೆ ಬಂದು ಕರಿ ಟ್ರಂಕಿನ ಮೇಲೆ ಬಿದ್ದು, "ಅಶ್ವಜಿತಾ, ನನ್ನ ಮುಂದ ಹೋದ್ಯಲ್ಲೋ ಮಗನಾ!" ಎಂದು ಕೂಗಿದಳು.

ಮನೆಯೆಲ್ಲ ಅಳತೊಡಗಿತು. ಆಮ್ರಪಾಲಿ ಒಬ್ಬಳೇ ಅಳದೆ ನಿಂತಿದ್ದಳು.

ಕಿಟಕಿಯಾಚೆ ನಿಂತಿದ್ದ ಗುರುಜಿಯ ಕೈಯಿಂದ ಮೊಬೈಲು ಕಸಿದುಕೊಂಡು ಗಂಡನಿಗೆ ಹಚ್ಚಿದಳು. ಸ್ವಿಚ್ ಆಫ್. ಗೌರವನಿಗೆ ಹಚ್ಚಿದಳು. ಹತ್ತಲಿಲ್ಲ. ಅವನು ಮುಖ ನೋಡದೆ ನಿಂತದ್ದು, ಚಹಾ ಒಲ್ಲೆನೆಂದದ್ದು, ಟೋಪಿ ತೆಗೆದದ್ದು ಒಂದೊಂದಾಗಿ ಬೇರೆಯೇ ಅರ್ಥ ಹೊತ್ತು ವಾಪಸು ಬಂದವು. ಸಂಜಿಗಿ ಬರ್ತಾರ ಎಂದಿದ್ದ. ಹೇಗೆ ಬರುತ್ತಾನೆಂದು ಹೇಳಿರಲಿಲ್ಲ. ಹನ್ನೆರಡು ವರ್ಷ ಪ್ರತಿ ಸಲ ಫೋನು ರಿಂಗಣಿಸಿದಾಗಲೂ ಈ ಸುದ್ದಿಗಾಗಿ ಅರ್ಧ ಸಿದ್ಧವಾಗಿರುತ್ತಿದ್ದಳು. ಇನ್ನರ್ಧ ಯಾವತ್ತೂ ಸಿದ್ಧವಾಗುವುದಿಲ್ಲವೆಂದು ಈಗ ತಿಳಿಯಿತು.

"ಯಾರು ಹೇಳಿದ್ರು?" ಎಂದು ಚೀರಿದಳು. "ನಿಮಗ ಯಾರು ಹೇಳಿದ್ರು?"

ಜಿಜಾಬಾಯಿ ತಮ್ಮನನ್ನು ನೋಡಿದಳು. "ಗುರುಜಿ ಫೋನ್ ಮಾಡಿದ್ರು" ಎಂದ ತಮ್ಮ. ಗುರುಜಿಗೆ ಹೇಳಿದ್ದು ಮಹಮೂದಾ ಬೇಗಮಳ ಗಂಡ ಮುನೀರೋದ್ದೀನ. ಅವನಿಗೆ ಹೆಂಡತಿ. ಮಹಮೂದಾ ಬೇಗಂ ಗಿರಿಜಾಬಾಯಿಯತ್ತ ಬೆರಳು ತೋರಿದಳು.

"ನನಗ್ಯಾರು ಹೇಳಬೇಕು?" ಎಂದಳು ಗಿರಿಜಾಬಾಯಿ. "ಮುಂಜಾನಿ ನೀನೇ ಅಳ್ಲತ್ತಿದ್ದಿ. ಇವ್ರ ನೆನಪು ಬಂತು ಅಂದಿ. ಆಮ್ಯಾಲ ಟ್ರಂಕು ಬಂತು."

ಆಮ್ರಪಾಲಿ ಗೋಡೆಗೊರಗಿದಳು. ಅವಳದೇ ಹಸಿವು ಓಣಿ ಸುತ್ತಿ, ಔರಾದ ಮುಟ್ಟಿ, ಗಂಡನ ಸಾವಾಗಿ ಮನೆಗೆ ಮರಳಿತ್ತು.

"ಅವ್ರಿಗಿ ಏನೂ ಆಗಿಲ್ಲ! ನಾ ಅತ್ತಿದ್ದು ಭಜಿ ಸಲುವಾಗಿ. ನಾಳಿ ನಂದು ಹೊಟ್ಟಿ ಸಣ್ಣದು ಮಾಡೋ ಆಪರೇಶನ್ ಅದ. ಅವ್ರು ಸಂಜಿಗಿ ಬರ್ತಾರ!"

ಜಿಜಾಬಾಯಿಯ ತಮ್ಮನ ಹೆಂಡತಿ ಪಕ್ಕದವರಿಗೆ ಮೆಲ್ಲಗೆ ಅಂದಳು, "ತಲಿಗಿ ಏರ್ಯಾದ. ಖಾಲಿ ಹೊಟ್ಟಿ ನೋಡ್ರಿ. ಮೊದಲು ಉಣಿಸ್ರಿ."

ಮುಂದಿನ ಹೊತ್ತು ಯುದ್ಧವೇ. ಖಿಚಡಿ ಎಡದಿಂದ ಬಂತು, ರೊಟ್ಟಿ ಬಲದಿಂದ. ಒಬ್ಬಳು ಗದ್ದ ಹಿಡಿದಳು, ಒಬ್ಬಳು ಮೂಗು. ಆಮ್ರಪಾಲಿ ಹಲ್ಲು ಕಚ್ಚಿ, ತಲೆ ಆಡಿಸಿ, ಗಡಿ ಕಾಯುವವನ ಹಾಗೆ ತುಟಿ ಕಾದಳು. ಗಂಡ ಬದುಕಿದ್ದರೆ ನಾಳೆ ಆಪರೇಶನ್. ಅವಳು ಉಣ್ಣದಿದ್ದಷ್ಟು ಹೊತ್ತು ಅವನು ಬದುಕಿರುತ್ತಾನೆಂದು ಎಲ್ಲಿಂದಲೋ ಒಂದು ಹುಚ್ಚು ನಂಬಿಕೆಯೂ ಹುಟ್ಟಿತ್ತು.

ಕೊನೆಗೆ ಜಿಜಾಬಾಯಿ ಎಲ್ಲರನ್ನೂ ಸರಿಸಿದಳು. ಖಿಚಡಿ ಕಲಸಿ ತುತ್ತು ಎತ್ತಿದಳು. ಅವಳಿಗೂ ಶುಗರ್. ಬೆಳಿಗ್ಗೆಯಿಂದ ಅನ್ನವಿಲ್ಲ, ಗುಳಿಗೆಯಿಲ್ಲ.

"ನಿನಗ ನಾ, ನನಗ ನೀ, ಇನ್ನ ಯಾರದಾರ ಮಗಳ? ನೀ ಉಂಡ್ರ ನಾ ಉಣ್ತೇನಿ. ಇಲ್ಲಂದ್ರ ಇಬ್ರೂ ಹಿಂಗೇ ಹೋಗೂಣು."

ಈ ಮಾತಿಗೆ ಆಮ್ರಪಾಲಿಯ ಹಲ್ಲು ಸಡಿಲವಾಯಿತು. ಡಾಕ್ಟರನ್ನು ಎದುರಿಸಬಹುದು, ಓಣಿಯನ್ನು ಎದುರಿಸಬಹುದು, ಈ ಕೈಯನ್ನು ಹೇಗೆ ತಳ್ಳುವುದು? ತುತ್ತು ತುಟಿಗೆ ತಾಕಿತು. ಬಾಯಿ ತೆರೆಯಿತು.

ಆಗ ಕಿಟಕಿಯ ಹೊರಗೆ ಬೂಟಿನ ಸದ್ದು ನಿಂತಿತು. ಯಾರೋ ಕುರ್ಚಿಯ ಮೇಲೆ ಮೆಲ್ಲಗೆ ಕುಳಿತ ಸದ್ದು. ಆಮೇಲೆ ತಗ್ಗಿದ ದನಿ.

"ಗುರುಜಿ, ಯಾರು ಹೋದ್ರು?"

"ಅಶ್ವಜಿತ" ಎಂದರು ಗುರುಜಿ, ನೆಲ ನೋಡುತ್ತಲೇ. "ಬಂಗಾರದಂಥಾ ಹುಡುಗ."

"ಯಾವ ಅಶ್ವಜಿತ?"

ಗುರುಜಿ ತಲೆ ಎತ್ತಿದರು. ಕುರ್ಚಿ ಉರುಳಿತು, ಗುರುಜಿಯ ಸಮೇತ.

ಅಳು ನಗುವಾಗಲು ಓಣಿಗೆ ಬಹಳ ಹೊತ್ತು ಹಿಡಿಯಲಿಲ್ಲ. ರೈಲಿನಲ್ಲಿ ಮೊಬೈಲು ಸತ್ತುಹೋಗಿತ್ತು, ಬೀದರಿಗೆ ಇಳಿದವನೇ ಬಸ್ಸು ಹಿಡಿದೆ ಎಂದ ಅಶ್ವಜಿತ. ಜಿಜಾಬಾಯಿ ಮಗನ ಮುಖ ಸವರಿದಳು, ಕೆನ್ನೆಗೊಂದು ಹೊಡೆದಳು, ಮತ್ತೆ ಸವರಿದಳು. ಅವನ ಕಣ್ಣು ಮಾತ್ರ ಹೆಂಡತಿಯ ತುಟಿಯ ಮೇಲಿನ ಅನ್ನದ ಅಗುಳಿನ ಮೇಲಿತ್ತು.

"ಉಂಡ್ಯಾ?"

"ಇಲ್ಲ." ಅಗುಳು ಒರೆಸಿಕೊಂಡಳು. ಬೆಳಿಗ್ಗೆಯಿಂದ ಮೊದಲ ಬಾರಿ ಜೋರಾಗಿ ಅತ್ತಳು. "ಒಂದು ಕಾಳೂ ಒಳಗ ಹೋಗಿಲ್ಲ."

"ಶಾಬಾಸ್! ಬ್ಯಾಗ್ ತಗೋ. ನಾಳಿ ಮುಂಜಾನಿ ಹೈದರಾಬಾದಿನ್ಯಾಗ ಇರಬೇಕು."

ಮಚ್ಛೇಂದ್ರ ಗುರುಜಿ ಮೊಣಕೈಯ ಧೂಳು ಕೊಡವುತ್ತ ಕೆಮ್ಮಿದರು.

"ಅದು... ಹೈದರಾಬಾದಿನ ದವಾಖಾನಿಯವ್ರು ಫೋನ್ ಮಾಡಿದ್ರಪಾ. ನಾಳಿ ಬರೋದು ಖಾತ್ರಿ ಏನು ಅಂತ ಕೇಳಿದ್ರು. ಗಂಡ ಶಹೀದ್ ಆಗ್ಯಾನ, ಮೊಣಕಾಲು ತೋರಿಸೋ ಹೊತ್ತು ಇದಲ್ಲ, ಬ್ಯಾರೆ ಯಾರಿಗರ ಕೊಡ್ರಿ ಅಂದೆ. ಭಾಳ ಮರಗಿದ್ರು ಪಾಪ."

ಅಶ್ವಜಿತ ಅಲ್ಲಿಯೇ ನಿಂತು ಹೆಂಡತಿಯ ಮೊಬೈಲಿನಿಂದ ದವಾಖಾನೆಗೆ ಹಚ್ಚಿದ. ತಾವು ಪೇಷಂಟಿಗೆ ಏನಾಗಬೇಕೆಂದು ಆ ಕಡೆಯ ಹುಡುಗಿ ಹಿಂದಿಯಲ್ಲಿ ನಯವಾಗಿ ಕೇಳಿದಳು. ಗಂಡ ಎಂದ. ಯಾವ ಗಂಡ, ಎಂದಳು ಹುಡುಗಿ. ಅವನು ತಾನು ಸತ್ತಿಲ್ಲವೆಂದು ವಿವರಿಸಿ ಮುಗಿಸುವುದರೊಳಗೆ ಬೆವರಿ ಹೋದ. ಹುಡುಗಿ ಅಭಿನಂದನೆ ಹೇಳಿದಳು. ಜಾಗ ಮಾತ್ರ ಇನ್ನೊಬ್ಬರಿಗೆ ಕೊಟ್ಟಾಗಿದೆ, ಅವರು ದಾಖಲಾಗಿಯೂ ಆಗಿದೆ, ಇನ್ನೇನಿದ್ದರೂ ದೀಪಾವಳಿ ಕಳೆದ ಮೇಲೆ ಎಂದಳು.

ಯಾರೂ ಯಾರ ಮುಖವನ್ನೂ ನೋಡಲಿಲ್ಲ. ಆಮ್ರಪಾಲಿ ಸಿಟ್ಟು ಹುಡುಕಿದಳು. ಸಿಟ್ಟು ಮಾಡಬೇಕೆಂದರೆ ಗಂಡ ಎದುರಿಗೆ ನಿಂತಿದ್ದ, ಬೆವರು ಒರೆಸಿಕೊಳ್ಳುತ್ತ, ಉಸಿರಾಡುತ್ತ. ಮೂರನೆಯ ಮಹಡಿ ಹೋಯಿತೆಂದು ಅಳುವುದಕ್ಕೆ ಅಂಥ ದಿನ ಅದಾಗಿರಲಿಲ್ಲ.

ಅವಳು ನೆಲದ ಮೇಲೆ ಕುಳಿತು ಡಬ್ಬಿಯನ್ನು ಹತ್ತಿರಕ್ಕೆ ಎಳೆದುಕೊಂಡಳು. "ಬರ್ರಿ ಅತ್ತಿ" ಎಂದಳು. ಅತ್ತೆಗೆ ಬಡಿಸಿ, ಗುಳಿಗೆ ಕೊಟ್ಟು, ತಾನು ಖಿಚಡಿ ಉಂಡಳು. ಖಿಚಡಿ ಮುಗಿದ ಮೇಲೆ ರೊಟ್ಟಿ, ಜುಣಕ. ಆಮೇಲೆ ಬೆಳಿಗ್ಗೆಯ ಭಜಿ. ತಣ್ಣಗಾಗಿ ಮೆತ್ತಗಾಗಿದ್ದರೂ ಅದರಷ್ಟು ರುಚಿಯಾದದ್ದನ್ನು ಅವಳು ತಿಂದಿರಲಿಲ್ಲ.

ಮೂರನೆಯ ಭಜಿಗೆ ಗಿರಿಜಾಬಾಯಿಯ ಹುಬ್ಬು ಮೇಲೇರಿತು.

"ಸಾಕ್ ಬಿಡು ತಂಗಿ" ಎಂದಳು ತಾಟನ್ನು ಈಚೆ ಸರಿಸುತ್ತ. "ಮೊದಲೇ ಮೈ ಹಿಂಗದ. ಬಾಯಿ ಒಂದೀಟು ಕಟ್ಟಿದ್ರ ಆಗ್ತಿತ್ತು, ಆಪರೇಶನ್ ಯಾಕ ಬೇಕಿತ್ತು?"

ಆಮ್ರಪಾಲಿ ಬಾಯಿ ತುಂಬಿದ್ದನ್ನು ಅಗಿಯುತ್ತಲೇ ಇದ್ದಳು. ತಾಟನ್ನು ಮತ್ತೆ ತನ್ನ ಕಡೆ ಎಳೆದುಕೊಂಡಳು.